ಜಪದ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಈಗ ಜಪಕ್ಕೂ ದಿನದ ವರದಿ ಬಂದಿದೆ. ರಾತ್ರಿ ಒಂಬತ್ತರೊಳಗೆ ವಾಟ್ಸಾಪ್ ಗುಂಪಿನಲ್ಲಿ ಅಂದಿನ ಸಂಖ್ಯೆ ಹಾಕಬೇಕು. ಗುಂಪು ನಡೆಸುವವರು ಅದನ್ನು ಕೂಡಿಸಿ ಪಟ್ಟಿ ಮಾಡುತ್ತಾರೆ. ಹೆಚ್ಚು ಮಾಡಿದವರಿಗೆ ಮೆಚ್ಚುಗೆ ಸಿಗುತ್ತದೆ, ಎರಡು ದಿನ ಸಂಖ್ಯೆ ಹಾಕದವರಿಗೆ ನೆನಪಿನ ಸಂದೇಶ ಹೋಗುತ್ತದೆ. ಆ್ಯಪ್ ಬಳಸುವವರಿಗೆ ಪರದೆ ಮುಟ್ಟಿದಂತೆಲ್ಲ ಅಂಕಿ ಏರುತ್ತದೆ, ಬಿಡದೆ ಮಾಡಿದ ದಿನಗಳ ಸ್ಟ್ರೀಕ್ ಕಾಣಿಸುತ್ತದೆ, 108 ಮುಗಿದ ಕೂಡಲೆ ‘ಹಂಚಿಕೊಳ್ಳಿ’ ಎಂಬ ಗುಂಡಿ ಎದುರಿಗೆ ಬರುತ್ತದೆ. ಇನ್ಸ್ಟಾಗ್ರಾಮ್‌ನಲ್ಲಿ ಬ್ರಾಹ್ಮೀ ಮುಹೂರ್ತದ ದೀಪ, ಮಣೆ, ಮಾಲೆ, ಹಿನ್ನೆಲೆಗೆ ತಂಬೂರಿ.

ಇದರಲ್ಲಿ ತೊಡಗಿರುವವರನ್ನು ಢೋಂಗಿಗಳು ಎಂದುಬಿಡುವುದು ಸುಲಭ, ಅನ್ಯಾಯವೂ ಹೌದು. ಬಹುಪಾಲು ಜನ ಶ್ರದ್ಧೆಯಿಂದಲೇ ಬಂದಿದ್ದಾರೆ. ಒಂಟಿಯಾಗಿ ಕೂತರೆ ನಾಲ್ಕು ದಿನಕ್ಕೆ ಬಿಟ್ಟುಹೋಗುತ್ತದೆ, ಗುಂಪಿದ್ದರೆ ನಿಲ್ಲುತ್ತದೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ವ್ಯಕ್ತಿಯ ಪ್ರಾಮಾಣಿಕತೆಯನ್ನು ಹೊರಗಿನವರು ಅಳೆಯಲಾರರು. ಆದರೆ ಜಪ ಎಂಬ ಸಾಧನೆಯ ಕಟ್ಟಡ ಹೇಗಿದೆ, ಎಣಿಕೆಗೆ ಅದರಲ್ಲಿ ಏನು ಕೆಲಸ, ಆ ಎಣಿಕೆ ಹೊರಗಿನವರ ಕಣ್ಣಿಗೆ ಬಿದ್ದಾಗ ಒಳಗೆ ಏನು ಬದಲಾಗುತ್ತದೆ ಎಂಬುದನ್ನು ಖಂಡಿತ ನೋಡಬಹುದು. ಖಾಸಗಿ ಸಾಧನೆಗಳಲ್ಲಿ ಸಂಖ್ಯೆಯಾಗಿ ಇಷ್ಟು ಸುಲಭವಾಗಿ ತೋರಿಸಬಹುದಾದದ್ದು ಜಪವೊಂದೇ. ಸಾಧನೆ ಮತ್ತು ಪ್ರದರ್ಶನದ ಪ್ರಶ್ನೆ ಅಲ್ಲಿಯೇ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಕಾಣದಂತೆ ಕಟ್ಟಿದ ಸಾಧನೆ

ಜಪದಲ್ಲಿ ಮೂರು ಬಗೆ. ಪಕ್ಕದವರಿಗೆ ಕೇಳಿಸುವಂತೆ ಹೇಳುವುದು ವಾಚಿಕ. ತುಟಿ ಅಲುಗುತ್ತಿದ್ದು ದನಿ ಹೊರಗೆ ಬಾರದಿದ್ದರೆ ಉಪಾಂಶು. ತುಟಿ, ನಾಲಿಗೆ ಎರಡೂ ಅಲುಗದೆ ಮನಸ್ಸಿನಲ್ಲಿಯೇ ನಡೆಯುವುದು ಮಾನಸ. ವಿಧಿಪೂರ್ವಕವಾದ ಯಜ್ಞಕ್ಕಿಂತ ಜಪಯಜ್ಞ ಹತ್ತು ಪಟ್ಟು, ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು ಹೆಚ್ಚು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ (2.85) ಹೇಳುತ್ತದೆ. ಈ ಗುಣಾಕಾರವನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ, ಅದು ತೋರುವ ದಿಕ್ಕನ್ನು ಗಮನಿಸಬೇಕು. ಹೊರಗಿನವರಿಗೆ ಕೇಳುವುದು ಕಡಿಮೆಯಾದಂತೆ ಮೌಲ್ಯ ಏರುತ್ತದೆ. ಮೂರನೆಯ ಮೆಟ್ಟಿಲಿನಲ್ಲಿ ಈ ಮನುಷ್ಯ ಜಪ ಮಾಡುತ್ತಿದ್ದಾನೋ ಸುಮ್ಮನೆ ಕೂತಿದ್ದಾನೋ ಎಂದು ಎದುರಿಗಿರುವವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಉಪಕರಣಗಳೂ ಅದೇ ದಿಕ್ಕಿಗೆ ಹೊಂದಿಕೊಂಡಿವೆ. ಮಾಲೆಯನ್ನು ಗೋಮುಖಿ ಎಂಬ ಬಟ್ಟೆಯ ಚೀಲದೊಳಗೆ ಇಟ್ಟು ತಿರುಗಿಸುತ್ತಾರೆ. ಸಂಧ್ಯಾವಂದನೆಯಲ್ಲಿ ಗಾಯತ್ರಿಯನ್ನು ಬೆರಳಿನ ಮೇಲೆ ಎಣಿಸುವವರು ಬಲಗೈಯನ್ನು ಉತ್ತರೀಯದಿಂದ ಮುಚ್ಚಿಕೊಳ್ಳುತ್ತಾರೆ. ಕರಮಾಲೆಯ ಕ್ರಮ ಹೀಗೆ: ಉಂಗುರದ ಬೆರಳಿನ ನಡುಗೆಣ್ಣಿನಿಂದ ಶುರು, ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಉಂಗುರದ ಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಅಲ್ಲಿಗೆ ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣುಗಳು ಮೇರು, ಅಂದರೆ ದಾಟಬಾರದ ಗಡಿ, ಹೆಬ್ಬೆರಳು ಅವನ್ನು ಮುಟ್ಟುವುದಿಲ್ಲ. ಇಷ್ಟೂ ನಡೆಯುವುದು ಒಂದು ಅಂಗೈಯ ಒಳಗೆ, ಬಟ್ಟೆಯ ಮರೆಯಲ್ಲಿ. ಗುರುವಿನಿಂದ ಪಡೆದ ಮಂತ್ರವನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬ ಕಟ್ಟು ಇದಕ್ಕೆ ಸೇರುತ್ತದೆ. ವಿಜಯಪುರ ಜಿಲ್ಲೆಯ ಇಂಚಗೇರಿ ಸಂಪ್ರದಾಯದಲ್ಲಿ, ಅದೇ ಸಂಪ್ರದಾಯದವರಾಗಿ ನಿಂಬಾಳದಲ್ಲಿ ನೆಲೆಸಿದ್ದ ಗುರುದೇವ ರಾನಡೆಯವರ (1886–1957) ಬಳಗದಲ್ಲಿ, ನಿತ್ಯದ ಧ್ಯಾನಕ್ಕೆ ‘ನೇಮ’ ಎಂದೇ ಹೆಸರು. ನೇಮ ಆಯಿತೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದು, ಪಡೆದ ನಾಮ ಮಾತ್ರ ಹೊರಗೆ ಬರುವುದಿಲ್ಲ.

ಮಾಲೆಯಲ್ಲಿ 108 ಮಣಿ, ಅದರ ಮೇಲೆ ಒಂದು ಮೇರು. ಮೇರುವನ್ನು ದಾಟದೆ ಮಾಲೆಯನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ನಡುಬೆರಳಿನ ಮೇಲೆ ಮಾಲೆಯನ್ನಿಟ್ಟು ಹೆಬ್ಬೆರಳಿನಿಂದ ಮಣಿ ಎಳೆಯುವುದು, ತೋರುಬೆರಳು ತಾಗದಂತೆ ನೋಡಿಕೊಳ್ಳುವುದು ಸಾಮಾನ್ಯ ರೂಢಿ. ಲೆಕ್ಕ ಹಿಡಿಯುವಾಗ ಒಂದು ಮಾಲೆಯನ್ನು ನೂರು ಎಂದೇ ಗಣಿಸುವ ವಾಡಿಕೆ ಅನೇಕ ಕಡೆ ಇದೆ. ಉಳಿದ ಎಂಟು, ನಡುವೆ ಮನಸ್ಸು ಜಾರಿದ್ದಕ್ಕೆ, ಅಕ್ಷರ ತಪ್ಪಿದ್ದಕ್ಕೆ ಮೀಸಲು. ಎಷ್ಟು ವಿವೇಕದ ಏರ್ಪಾಡು ಇದು! ತಪ್ಪುತ್ತೇವೆ ಎಂದು ಮೊದಲೇ ಒಪ್ಪಿಕೊಂಡು, ಆ ತಪ್ಪನ್ನು ಯಾರಿಗೂ ಹೇಳದೆ ಸರಿದೂಗಿಸುವ ಜಾಗ ಮಾಲೆಯೊಳಗೇ ಇದೆ.

ಎಣಿಕೆ ಏಕೆ ಬೇಕಾಯಿತು

ಹಾಗಿದ್ದರೆ ಎಣಿಸುವುದೇಕೆ? ಎರಡು ಕಾರಣ. ಮೊದಲನೆಯದು ಗಮನ. ಮಣಿ ಜರುಗುವ ಸ್ಪರ್ಶ, ಮಂತ್ರದ ಕೊನೆಯ ಅಕ್ಷರ, ಉಸಿರು ಒಂದಕ್ಕೊಂದು ಹೆಣೆದುಕೊಂಡಾಗ ಮನಸ್ಸು ಎಲ್ಲಿ ತಪ್ಪಿತು ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಎರಡನೆಯದು ಬದ್ಧತೆ. ‘ಸಾಕು’ ಎಂದು ಮನಸ್ಸು ಹೇಳಿದಲ್ಲಿ ಎದ್ದುಬಿಡದಂತೆ, ಉತ್ಸಾಹ ಬಂದ ದಿನ ಮಿತಿಮೀರದಂತೆ ಸಂಖ್ಯೆ ಹಿಡಿದಿಡುತ್ತದೆ.

ದೊಡ್ಡ ಸಂಖ್ಯೆಗಳು ಬರುವುದು ಪುರಶ್ಚರಣೆಯಲ್ಲಿ, ಅಂದರೆ ಒಂದು ಮಂತ್ರವನ್ನು ಸಿದ್ಧಿಸಿಕೊಳ್ಳಲು ಗೊತ್ತಾದ ಸಂಖ್ಯೆಯಷ್ಟು ಜಪಿಸುವ ವ್ರತದಲ್ಲಿ. ಮಂತ್ರದಲ್ಲಿ ಎಷ್ಟು ಅಕ್ಷರವೋ ಅಷ್ಟು ಲಕ್ಷ ಜಪ ಎಂಬುದು ಪ್ರಸಿದ್ಧವಾದ ನಿಯಮ. ಪಂಚಾಕ್ಷರಿಗೆ 5 ಲಕ್ಷ, ಗಾಯತ್ರಿಗೆ 24 ಲಕ್ಷ. ಗಾಯತ್ರಿಯನ್ನು ಪ್ರಣವ (ಓಂ), ವ್ಯಾಹೃತಿಗಳೊಡನೆ (ಭೂರ್ಭುವಃ ಸ್ವಃ) ಸ್ಪಷ್ಟವಾಗಿ ಹೇಳಲು ಸುಮಾರು 10 ಸೆಕೆಂಡು ಬೇಕು, ಎಂದರೆ 108ಕ್ಕೆ 18 ನಿಮಿಷ. ದಿನಕ್ಕೆ 1,000 ಮಾಡಿದರೆ ನಿತ್ಯ ಎರಡು ಮುಕ್ಕಾಲು ಗಂಟೆ ಕೂರಬೇಕು, 24 ಲಕ್ಷ ಮುಗಿಯಲು 2,400 ದಿನ, ಅಂದರೆ ಆರೂವರೆ ವರ್ಷ ಹಿಡಿಯುತ್ತದೆ. ಆಮೇಲೆ ಜಪದ ಹತ್ತನೆಯ ಒಂದು ಪಾಲು ಹೋಮ, ಹೋಮದ ಹತ್ತನೆಯ ಒಂದು ಪಾಲು ತರ್ಪಣ, ಅದರ ಹತ್ತನೆಯ ಒಂದು ಪಾಲು ಮಾರ್ಜನ (ಮಂತ್ರ ಹೇಳಿ ನೀರು ಪ್ರೋಕ್ಷಿಸುವುದು), ಅದರ ಹತ್ತನೆಯ ಒಂದು ಪಾಲು ಭೋಜನ. ಗಾಯತ್ರಿಗೆ ಇದು 2,40,000 ಆಹುತಿ, 24,000 ತರ್ಪಣ, 2,400 ಮಾರ್ಜನವಾಗಿ 240 ಜನರ ಊಟಕ್ಕೆ ಬಂದು ಮುಗಿಯುತ್ತದೆ. ಲಿಖಿತ ಜಪದ ರಾಮಕೋಟಿಯೂ ಹಾಗೆಯೇ. ‘ಶ್ರೀರಾಮ’ ಎಂದು ಓದಲು ಬರುವಂತೆ ಬರೆಯಲು ಮೂರು ಸೆಕೆಂಡು ಎಂದಿಟ್ಟುಕೊಂಡರೂ ಒಂದು ಕೋಟಿಗೆ 8,300 ಗಂಟೆಗೂ ಮೇಲೆ ಬೇಕು. ದಿನಕ್ಕೆ ಎರಡು ಗಂಟೆ ಬರೆದರೆ ಹನ್ನೊಂದು ವರ್ಷ ದಾಟುತ್ತದೆ. ದೇವಸ್ಥಾನಕ್ಕೆ ಒಪ್ಪಿಸುವ ಆ ಪುಸ್ತಕಗಳ ಕಟ್ಟಿನಲ್ಲಿ ಇರುವುದು ಒಬ್ಬ ಮನುಷ್ಯನ ಹನ್ನೊಂದು ವರ್ಷದ ಸಂಜೆಗಳು. ಇವತ್ತು ಅದೇ ಹೆಸರನ್ನು ನಕಲಿಸಿ ಅಂಟಿಸುತ್ತ ಪರದೆಯ ಮೇಲೆ ಸಾವಿರ ಸಾಲು ತುಂಬಿಸಬಹುದು. ಸಂಖ್ಯೆ ಒಂದೇ ಇದ್ದರೂ ಅದರ ಹಿಂದಿನ ಕಾಲ ಹೊರಟುಹೋಗಿರುತ್ತದೆ. ಸಂಖ್ಯೆಯ ಸತ್ವವೇ ಆ ಕಾಲ.

ಈಗ ಮುಖ್ಯ ಅಂಶ. ಸಾಂಪ್ರದಾಯಿಕ ಜಪದಲ್ಲೂ ಲೆಕ್ಕ ಒಪ್ಪಿಸುತ್ತಾರೆ. ಶುರುವಿನಲ್ಲಿ ಸಂಕಲ್ಪ: ದೇಶ, ಕಾಲ, ಗೋತ್ರ, ಹೆಸರು ಹೇಳಿ ಇಷ್ಟು ಸಂಖ್ಯೆಯ ಜಪ ಮಾಡುತ್ತೇನೆ ಎನ್ನುವುದು. ಕೊನೆಯಲ್ಲಿ ಸಮರ್ಪಣೆ: ನೀರು ಬಿಟ್ಟು, ‘ಗುಹ್ಯಾತಿಗುಹ್ಯಗೋಪ್ತ್ರೀ ತ್ವಂ ಗೃಹಾಣಾಸ್ಮತ್ಕೃತಂ ಜಪಮ್’ ಎನ್ನುವುದು. ಅತ್ಯಂತ ಗುಟ್ಟಾದುದನ್ನು ಕಾಯುವ ದೇವಿಯೇ, ನಾವು ಮಾಡಿದ ಈ ಜಪವನ್ನು ನೀನೇ ತೆಗೆದುಕೋ ಎಂಬ ಬೇಡಿಕೆ ಅದು. ವೈಷ್ಣವರ ಮನೆಗಳಲ್ಲಿ ‘ಕೃಷ್ಣಾರ್ಪಣಮಸ್ತು’ ಎಂದು ನೀರು ಬಿಡುತ್ತಾರೆ. ಅಲ್ಲಿಗೆ ಅಂದಿನ ಜಪ ಮಾಡಿದವನ ಕೈಬಿಟ್ಟಿತು. ಪುರಶ್ಚರಣೆಯಲ್ಲಿ ಒಟ್ಟು ಸಂಖ್ಯೆಯ ಗುರುತು ಇಟ್ಟುಕೊಳ್ಳುವುದುಂಟು, ಎಲ್ಲಿಯವರೆಗೆ ಬಂದೆವು ಎಂದು ತಿಳಿಯುವುದಕ್ಕಷ್ಟೆ. ಆ್ಯಪ್ ಮತ್ತು ಗುಂಪಿನ ಪಟ್ಟಿ ತೆಗೆದುಹಾಕುವುದು ಈ ಕೊನೆಯ ಹೆಜ್ಜೆಯನ್ನೇ. ಅಲ್ಲಿ ಜಪ ಮುಗಿದ ಮೇಲೂ ಸಂಖ್ಯೆ ಮಾಡಿದವನ ಹೆಸರಿನಲ್ಲಿಯೇ ಕೂಡುತ್ತ ಹೋಗುತ್ತದೆ, ನಾಳೆ ಅದನ್ನು ಮೀರಿಸಬೇಕಾಗುತ್ತದೆ, ನಾಲ್ಕು ಜನ ಅದನ್ನು ನೋಡುತ್ತಾರೆ. ಸಾಧನೆ ಪ್ರದರ್ಶನವಾಗುವ ತಿರುವು ಇದು ಎಂಬುದು ಈ ಲೇಖನದ ವಾದ. ಲೆಕ್ಕ ದೇವರಿಗೆ ಒಪ್ಪಿಸಿ ಮುಗಿಯುತ್ತದೆಯೇ, ಜನರ ಮುಂದೆ ಉಳಿಯುತ್ತದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕ್ಯಾಮೆರಾ ಇದೆಯೋ ಇಲ್ಲವೋ ಎಂಬುದು ಅದರ ನಂತರದ ಪ್ರಶ್ನೆ.

ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ

ಒಂದು ಲೆಕ್ಕ ಹಾಕೋಣ. ನೂರು ಜನರ ಗುಂಪು, 48 ದಿನದ ಮಂಡಲ, ಒಂದು ಕೋಟಿ ‘ಓಂ ನಮಃ ಶಿವಾಯ’ ಎಂಬ ಸಂಕಲ್ಪ ಎಂದುಕೊಳ್ಳಿ. ತಲೆಗೆ ಒಂದು ಲಕ್ಷ, ದಿನಕ್ಕೆ 2,083, ಅಂದರೆ ಹತ್ತಿರಹತ್ತಿರ 20 ಮಾಲೆ. ಒಂದಕ್ಕೆ ಮೂರು ಸೆಕೆಂಡಿನಂತೆ ಸಮಾಧಾನದಿಂದ ಮಾಡಿದರೆ ಒಂದು ಮುಕ್ಕಾಲು ಗಂಟೆ ಬೇಕು. ಕೆಲಸಕ್ಕೆ ಹೋಗುವ, ಮಕ್ಕಳನ್ನು ಶಾಲೆಗೆ ಕಳಿಸುವ ಮನೆಯಲ್ಲಿ ಬೆಳಗ್ಗೆ ಹೆಚ್ಚೆಂದರೆ ಅರ್ಧ ಗಂಟೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಲು ಒಂದು ಮಂತ್ರಕ್ಕೆ ಸೆಕೆಂಡಿಗೂ ಕಡಿಮೆ ಉಳಿಯುತ್ತದೆ. ಆಗ ಮೊದಲು ಹೋಗುವುದು ವಿಸರ್ಗ, ಆಮೇಲೆ ‘ನಮಃ’ದ ‘ನ’ ಓಂಕಾರದೊಳಗೆ ಸೇರಿಹೋಗುತ್ತದೆ, ಕೊನೆಗೆ ‘ವಾ’ದ ದೀರ್ಘ ಮೊಟಕಾಗುತ್ತದೆ. ಗುಂಪಿನಲ್ಲಿ ಅರ್ಧ ಜನ ನಡುವೆ ನಿಂತರೆ ಉಳಿದವರ ಪಾಲು ಎರಡರಷ್ಟಾಗುತ್ತದೆ. ಆಗ ಅಡುಗೆ ಮಾಡುತ್ತ ಮಾಡಿದ್ದು, ಬಸ್ಸಿನಲ್ಲಿ ಮಾಡಿದ್ದು, ಅಂದಾಜಿನಲ್ಲಿ ಮಾಡಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಯಾರೂ ಸುಳ್ಳು ಹೇಳಬೇಕೆಂದು ಹೊರಟಿರುವುದಿಲ್ಲ. 1,870 ಎಂಬುದು 2,000 ಆಗುತ್ತದೆ, ಅಷ್ಟೆ. ಆದರೆ ಜಪದಂಥ ಸಾಧನೆಯಲ್ಲಿ ಆ 130ರ ಬೆಲೆ ದೊಡ್ಡದು. ಮನಸ್ಸನ್ನು ನೇರ ಮಾಡಲು ಕೂತ ಹೊತ್ತಿನಲ್ಲಿಯೇ ಅದು ಒಂದು ಸಣ್ಣ ವಕ್ರತೆಗೆ ಪಳಗುತ್ತದೆ.

ವೇಗವೇ ದೋಷವೆಂದು ಇದರ ಅರ್ಥವಲ್ಲ. ಗೌಡೀಯ ವೈಷ್ಣವ ಪಂಥದ ಇಸ್ಕಾನ್‌ನಲ್ಲಿ ದೀಕ್ಷೆ ಪಡೆದವರು ನಿತ್ಯ 16 ಮಾಲೆ ಮಾಡಬೇಕು. 32 ಅಕ್ಷರದ ಮಹಾಮಂತ್ರ, ದಿನಕ್ಕೆ 1,728 ಬಾರಿ. ಪಳಗಿದವರು ಒಂದು ಮಾಲೆಯನ್ನು ಏಳೆಂಟು ನಿಮಿಷದಲ್ಲಿ ಮುಗಿಸುತ್ತಾರೆ, ಒಟ್ಟು ಎರಡು ಗಂಟೆ. ಆ ವೇಗ ನಾಲಿಗೆಗೆ ವರ್ಷಗಳ ಅಭ್ಯಾಸದಿಂದ ಬಂದದ್ದು, ಅದರಲ್ಲಿ ಅಕ್ಷರ ಉಳಿದಿರುತ್ತದೆ. ಪಟ್ಟಿ ತುಂಬಲು ಒಂದು ವಾರದಲ್ಲಿ ತಂದುಕೊಂಡ ವೇಗದಲ್ಲಿ ಉಳಿಯುವುದಿಲ್ಲ. ಪರೀಕ್ಷೆ ಸರಳ. ಮಾಲೆಯ ಕೊನೆಯ ಇಪ್ಪತ್ತು ಮಣಿಗಳನ್ನು ಗಮನಿಸಿ. ಮೊದಲ ಇಪ್ಪತ್ತಕ್ಕಿಂತ ಅವು ಬೇಗ ಓಡುತ್ತಿದ್ದರೆ, ಮಂತ್ರ ಮುಗಿಯುವ ಮೊದಲೇ ಹೆಬ್ಬೆರಳು ಮುಂದಿನ ಮಣಿಯ ಮೇಲಿದ್ದರೆ, ನಡೆಯುತ್ತಿರುವುದು ಮುಗಿಸುವ ಕೆಲಸ.

ಹೇಳುವುದು ಮಾಡುವುದನ್ನು ಹೇಗೆ ತಗ್ಗಿಸುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲೂ ಒಂದು ಸುಳಿವಿದೆ. ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾನೂನು ವಿದ್ಯಾರ್ಥಿಗಳೂ ಇದ್ದರು. ಒಳ್ಳೆಯ ವಕೀಲರಾಗಲು ಶ್ರಮಪಡುತ್ತೇವೆ ಎಂಬ ತಮ್ಮ ಉದ್ದೇಶವನ್ನು ಇನ್ನೊಬ್ಬರು ಗಮನಿಸಿದ್ದಾರೆ ಎಂದು ತಿಳಿದವರು, ಯಾರೂ ಗಮನಿಸದವರಿಗಿಂತ ಕಡಿಮೆ ದುಡಿದರು. ನಾನು ಇಂಥವನು ಎಂದು ಇತರರು ಒಪ್ಪಿದಾಗ ಆಗಲೇ ಅದಾಗಿಬಿಟ್ಟ ಭಾವ ಬರುತ್ತದೆ ಎಂಬುದು ಅವರ ವಿವರಣೆ. ಅವರು ಜಪವನ್ನು ಪರೀಕ್ಷಿಸಿದವರಲ್ಲ. ಆದರೂ ‘ಸಾಧಕ’ ಎಂಬ ಗುರುತು ಸಾಧನೆಗಿಂತ ಮುಂಚೆ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಅದು ಚೆನ್ನಾಗಿ ಬೆಳಗುತ್ತದೆ. ಭಗವದ್ಗೀತೆಯ 17ನೇ ಅಧ್ಯಾಯ ಇದನ್ನೇ ತಪಸ್ಸಿನ ಭಾಷೆಯಲ್ಲಿ ಹೇಳುತ್ತದೆ. ಸತ್ಕಾರಕ್ಕೆ, ಮಾನಕ್ಕೆ, ಪೂಜೆಗೆ, ದಂಭದಿಂದ ಮಾಡಿದ ತಪಸ್ಸು ರಾಜಸ, ಅದು ಚಂಚಲ, ನಿಲ್ಲುವುದಿಲ್ಲ. ಆ ತಪಸ್ಸಿನ ಬಗ್ಗೆ ಅಲ್ಲಿ ಹೇಳುವುದು ಅದು ಬಾಳುವುದಿಲ್ಲ ಎಂದು. ಪ್ರಾಯೋಗಿಕವಾದ ಎಚ್ಚರಿಕೆ ಅದು. ನೋಡುವವರು ಹೋದ ದಿನ ತಪಸ್ಸೂ ಹೋಗುತ್ತದೆ.

ಇನ್ನೊಂದು ಕೆಡುಕು ಸೂಕ್ಷ್ಮವಾದದ್ದು. ಸಮಾಧಿಗೆ ಅಡ್ಡಿಯಾಗುವ ನಾಲ್ಕನ್ನು ವೇದಾಂತ ಗುರುತಿಸಿದೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಮೊದಲೆರಡು, ಅಂದರೆ ತೂಕಡಿಕೆ ಮತ್ತು ಅಲೆದಾಟ, ಎಲ್ಲರಿಗೂ ಗೊತ್ತು. ಕಷಾಯವೆಂದರೆ ಒಳಗೆ ಹುದುಗಿರುವ ವಾಸನೆಗಳಿಂದ, ಎಂದರೆ ಹಳೆಯ ಸಂಸ್ಕಾರಗಳಿಂದ, ಮನಸ್ಸು ಮರಗಟ್ಟಿ ನಿಲ್ಲುವುದು. ನಾಲ್ಕನೆಯದು, ನಡುವೆ ಸಿಕ್ಕ ಸಣ್ಣ ಸುಖವನ್ನು ಸವಿಯುತ್ತ ಅಲ್ಲಿಯೇ ತಂಗಿಬಿಡುವುದು. ಅನುಭವವನ್ನು ಹಂಚಿಕೊಳ್ಳುವ ಅಭ್ಯಾಸ ಈ ನಾಲ್ಕನೆಯದನ್ನು ಬೆಳೆಸುತ್ತದೆ. ಮಾಲೆ ನಡೆಯುತ್ತಿರುವಾಗಲೇ, ಇವತ್ತು ಎಷ್ಟು ಶಾಂತವಾಗಿತ್ತು ಎಂದು ಬರೆಯಬೇಕಾದ ವಾಕ್ಯ ಒಳಗೆ ಕಟ್ಟಿಕೊಳ್ಳತೊಡಗುತ್ತದೆ. ಪತಂಜಲಿಯ ಯೋಗಸೂತ್ರ (1.28) ಕೇಳುವುದು ಜಪ ಮತ್ತು ಅದರ ಅರ್ಥದ ಭಾವನೆ, ಎರಡನ್ನೇ. ಆ ಎರಡರ ಜಾಗದಲ್ಲಿ ಓದುಗರು ಬಂದು ಕೂತಿರುತ್ತಾರೆ. ಚಿತ್ರೀಕರಣದಲ್ಲಿ ಇದು ಇನ್ನೂ ಸ್ಥೂಲ. ದೀಪ ಚೌಕಟ್ಟಿನಲ್ಲಿ ಬರಬೇಕು, ಮುಖದ ಮೇಲೆ ಬೆಳಕು ಬೀಳಬೇಕು, ಕಣ್ಣು ಮುಚ್ಚಿರುವುದು ಕಾಣಬೇಕು. ಕಣ್ಣು ಮುಚ್ಚಿದವನೇ ಆ ಮುಚ್ಚಿದ ಕಣ್ಣು ಹೇಗೆ ಕಾಣುತ್ತಿದೆ ಎಂದು ಹೊರಗಿನಿಂದ ನೋಡಿಕೊಳ್ಳಬೇಕಾಗುತ್ತದೆ.

ಮುಸುಕು ಹಾಕಿದರೂ ಸಾಲದು

ಹಾಗೆಂದು ಮರೆಯಲ್ಲಿ ಮಾಡಿದ್ದೆಲ್ಲ ಪ್ರಾಮಾಣಿಕ ಎನ್ನಲಾಗದು. ಇದನ್ನು 16ನೇ ಶತಮಾನದಲ್ಲಿಯೇ ಪುರಂದರದಾಸರು ಕಂಡಿದ್ದರು. ‘ಉದರ ವೈರಾಗ್ಯವಿದು’ ಕೀರ್ತನೆಯಲ್ಲಿ ಅವರು ತೋರಿಸುವ ಮನುಷ್ಯನ ಕೈಯಲ್ಲಿ ಜಪಮಣಿ, ಬಾಯಲ್ಲಿ ಮಂತ್ರ, ಮುಖಕ್ಕೆ ಬಟ್ಟೆಯ ಮುಸುಕು, ಮನಸ್ಸಿನಲ್ಲಿ ಪರಸ್ತ್ರೀಯರ ನೆನಪು. ಅಡಗಿಸುವುದಕ್ಕೆಂದು ಬಂದ ಬಟ್ಟೆಯೇ ಅಲ್ಲಿ ತೋರಿಸುವ ಸಾಧನವಾಗಿದೆ. ಅದೇ ಕೀರ್ತನೆಯಲ್ಲಿ ಕಂಚುಗಾರನ ಬಿಡಾರದಂತೆ ಕಂಚು ಹಿತ್ತಾಳೆಯ ಪ್ರತಿಮೆಗಳನ್ನು ಜೋಡಿಸಿ, ಮಿಂಚಲೆಂದು ಹಲವು ದೀಪ ಹಚ್ಚಿ ಮಾಡುವ ಪೂಜೆಯೂ ಬರುತ್ತದೆ. ಇಂದಿನ ದೇವರಮನೆಯ ರೀಲ್‌ಗಳನ್ನು ನೋಡಿದವರಿಗೆ ಆ ಸಾಲಿಗೆ ವಿವರಣೆ ಬೇಕಿಲ್ಲ. ದಾಸರ ಎರಡು ಚಿತ್ರಗಳನ್ನೂ ಒಟ್ಟಿಗೆ ಹಿಡಿಯಬೇಕು. ಒಂದರಲ್ಲಿ ಎಲ್ಲ ಮಿಂಚುತ್ತಿದೆ, ಇನ್ನೊಂದರಲ್ಲಿ ಎಲ್ಲ ಮುಚ್ಚಿದೆ, ಎರಡರಲ್ಲೂ ಲೆಕ್ಕ ಜನರಿಗೇ ಹೋಗುತ್ತಿದೆ. ‘ನಾನು ಇದನ್ನೆಲ್ಲ ಹಾಕಿಕೊಳ್ಳುವುದಿಲ್ಲ’ ಎಂದು ಹತ್ತು ಜನರಿಗೆ ಹೇಳುವುದೂ ಆ ಎರಡನೆಯ ಚಿತ್ರಕ್ಕೇ ಸೇರಿದ್ದು.

ಬಹಿರಂಗವಾಗಿಯೇ ನಡೆಯಬೇಕೆಂದು ಹುಟ್ಟಿದ ಸಾಧನೆಗಳೂ ಇವೆ, ಅವುಗಳಿಗೆ ಈ ಆಕ್ಷೇಪ ತಗಲುವುದಿಲ್ಲ. ಭಜನೆ, ನಾಮಸಂಕೀರ್ತನೆ, ವಿಠ್ಠಲನ ಸಪ್ತಾಹ ಇವೆಲ್ಲ ನಾಲ್ಕು ಜನ ಸೇರಿದರೇ ಆಗುವಂಥವು. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ‘ಓಂ ನಮಃ ಶಿವಾಯ’ವನ್ನು ಜಾತಿ ಮತ ನೋಡದೆ ಬಂದವರಿಗೆಲ್ಲ ಕೊಟ್ಟರು, ಮಠದಲ್ಲಿ ಅದು ಗಟ್ಟಿದನಿಯಲ್ಲಿಯೇ ನಡೆಯುತ್ತದೆ. ಅಲ್ಲಿ ಒಬ್ಬನ ದನಿ ಎಲ್ಲರ ದನಿಯಲ್ಲಿ ಬೆರೆಯುತ್ತದೆ, ಯಾರು ಎಷ್ಟು ಸಲ ಹೇಳಿದರು ಎಂದು ಕೇಳುವವರಿಲ್ಲ. ಮಹಾರಾಷ್ಟ್ರದ ಗೊಂದವಲೆಯ ಬ್ರಹ್ಮಚೈತನ್ಯ ಮಹಾರಾಜರ (1845–1913) ಪರಂಪರೆಯಿಂದ ಉತ್ತರ ಕರ್ನಾಟಕದಲ್ಲಿ ಹರಡಿದ ‘ಶ್ರೀರಾಮ ಜಯರಾಮ ಜಯಜಯರಾಮ’ ಎಂಬ 13 ಅಕ್ಷರದ ಜಪದಲ್ಲಿ 13 ಕೋಟಿಯ ಸಾಮೂಹಿಕ ಸಂಕಲ್ಪಗಳು ನಡೆಯುತ್ತವೆ. ಕೋಟಿಯ ಸಂಖ್ಯೆ ಯಾವ ಒಬ್ಬನ ಹೆಸರಿನಲ್ಲಿಯೂ ಇಲ್ಲದಿದ್ದರೆ ಅದರಿಂದ ಕೇಡಿಲ್ಲ. ಸಮೂಹದ ಸಾಧನೆಯಲ್ಲಿ ವ್ಯಕ್ತಿಯ ಅಂಕಿಯನ್ನು ತೂರಿಸಿದಾಗ, ಏಕಾಂತದ ಸಾಧನೆಯನ್ನು ವೇದಿಕೆಗೆ ಏರಿಸಿದಾಗ ತೊಡಕು ಶುರುವಾಗುತ್ತದೆ. ಇಷ್ಟಲಿಂಗ ಪೂಜೆ ಎರಡನೆಯದಕ್ಕೆ ಉದಾಹರಣೆ. ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟು ರೆಪ್ಪೆ ಬಡಿಯದೆ ದೃಷ್ಟಿ ನೆಡುವ ಆ ಪೂಜೆಯಲ್ಲಿ ಪೂಜಿಸುವವನಿಗೂ ಲಿಂಗಕ್ಕೂ ನಡುವೆ ಮೂರನೆಯವರಿಗೆ ಜಾಗವಿಲ್ಲ. ಪೂಜಾರಿಯೂ ಬೇಕಿಲ್ಲ. ಸಾಮೂಹಿಕ ಪೂಜೆ ಕಲಿಯಲು ಬಂದವರಿಗೆ ಕ್ರಮ ತೋರಿಸುವವರೆಗೆ ಉಪಯುಕ್ತ, ಬಹಳ ಜನ ಅಲ್ಲಿಯೇ ಮೊದಲು ಕಲಿಯುತ್ತಾರೆ. ಕಲಿತ ಮೇಲೂ ವೇದಿಕೆಯ ದೀಪದ ಕೆಳಗೆ ಮಾತ್ರ ಪೂಜೆ, ಮನೆಯಲ್ಲಿ ಲಿಂಗವಿಡುವ ಕರಡಿಗೆ ತೆರೆಯುವುದೇ ಇಲ್ಲ ಎಂದಾದರೆ ಕಲಿತದ್ದು ಕೈಗೆ ಬಂದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಲೇಬೇಕು, ಅದರಿಂದ ಎಷ್ಟೋ ಜನ ನೊಂದಿದ್ದಾರೆ. ಮನಸ್ಸಿಲ್ಲದೆ ಕೂತರೆ ಅದು ನಟನೆ, ಭಾವ ಉಕ್ಕಿದಾಗ ಮಾತ್ರ ಮಾಡಿದರೆ ಅದೇ ನಿಜ ಎಂಬ ನಂಬಿಕೆ ಇಂದು ಬಲವಾಗಿದೆ. ನಿತ್ಯಕರ್ಮದ ಕಲ್ಪನೆ ಇದಕ್ಕೆ ಪೂರ್ತಿ ವಿರುದ್ಧ. ಒಣಗಿದ ಮನಸ್ಸಿನಿಂದ, ಯಾವ ಸುಖವೂ ಸಿಗದೆ, ಐದೂವರೆಗೆ ಎದ್ದು ಹತ್ತು ಗಾಯತ್ರಿ ಮಾಡಿ ಎದ್ದವನು ಯಾರಿಗೂ ಏನನ್ನೂ ತೋರಿಸಿಲ್ಲ. ಅವನಿಗೆ ತೋರಿಸಲು ಏನೂ ಇರಲಿಲ್ಲ. ದೀರ್ಘಕಾಲ, ಬಿಡದೆ, ಆದರದಿಂದ ಎಂದು ಯೋಗಸೂತ್ರ (1.14) ಅಭ್ಯಾಸಕ್ಕೆ ಮೂರು ಲಕ್ಷಣ ಹೇಳುತ್ತದೆ, ಭಾವಾವೇಶ ಆ ಪಟ್ಟಿಯಲ್ಲಿಲ್ಲ. ಶುಷ್ಕ ದಿನಗಳನ್ನು ಕಪಟವೆಂದು ತಿಳಿದು ಜಪ ಬಿಟ್ಟವರು ಬಹಳ. ಅವರು ಬಿಟ್ಟದ್ದು ತಮ್ಮ ಅತ್ಯಂತ ಪ್ರಾಮಾಣಿಕ ದಿನಗಳನ್ನೇ.

ಏನು ಮಾಡಬಹುದು

ಮೊದಲು ಕಾಲ ಅಳೆಯಿರಿ. ಅವಸರವಿಲ್ಲದ ದಿನ, ಎಲ್ಲ ಅಕ್ಷರ ಕಿವಿಗೆ ಬೀಳುವಂತೆ ವಾಚಿಕವಾಗಿ ಒಂದು ಮಾಲೆ ಮಾಡಿ, ಎಷ್ಟು ನಿಮಿಷ ಹಿಡಿಯಿತು ನೋಡಿಕೊಳ್ಳಿ. ದಿನವೂ ಖಚಿತವಾಗಿ ಸಿಗುವ ಹೊತ್ತನ್ನು ಅದರಿಂದ ಭಾಗಿಸಿ, ಬಂದದ್ದರ ಮುಕ್ಕಾಲು ಪಾಲನ್ನು ನಿತ್ಯಸಂಖ್ಯೆ ಎಂದು ಇಟ್ಟುಕೊಳ್ಳಿ. ಅರ್ಧ ಗಂಟೆ ಸಿಗುತ್ತದೆ, ಮಾಲೆಗೆ ಆರು ನಿಮಿಷ ಎಂದರೆ ಐದು ಬರುತ್ತದೆ, ನಾಲ್ಕಕ್ಕೆ ಇಳಿಸಿ. ಆ ಒಂದರ ಜಾಗ ತೂಕಡಿಕೆಗೆ, ಮತ್ತೆ ಹಿಂದಿರುಗುವುದಕ್ಕೆ, ಕೊನೆಗೆ ಸುಮ್ಮನೆ ಕೂರುವುದಕ್ಕೆ. ಗುಂಪಿನ ಗುರಿಯಿಂದ ನಿಮ್ಮ ಸಂಖ್ಯೆ ಹುಟ್ಟಬಾರದು, ನಿಮ್ಮ ಸಂಖ್ಯೆಯಿಂದ ಗುಂಪಿನ ಮೊತ್ತ ಬರಲಿ.

ನಿದ್ದೆ ಎಳೆದರೆ ಮಾನಸದಿಂದ ಉಪಾಂಶುವಿಗೆ, ಅದೂ ಸಾಲದಿದ್ದರೆ ವಾಚಿಕಕ್ಕೆ ಇಳಿಯಿರಿ. ಮಾನಸ ಶ್ರೇಷ್ಠ ಎಂದು ಕೇಳಿ ಮೊದಲ ದಿನವೇ ಅದಕ್ಕೆ ಕೈಹಾಕುವವರು ಹೆಚ್ಚಾಗಿ ತೂಕಡಿಸುತ್ತಾರೆ. ಮನಸ್ಸು ಅಲೆದದ್ದು ಗೊತ್ತಾದರೆ ಮಾಲೆಯನ್ನು ಮೊದಲಿನಿಂದ ಶುರು ಮಾಡಬೇಡಿ, ಇದ್ದ ಮಣಿಯಲ್ಲಿಯೇ ಮಂತ್ರವನ್ನು ಇನ್ನೊಮ್ಮೆ ಹೇಳಿ ಮುಂದೆ ಹೋಗಿ. ಎಂಟು ಮಣಿಗಳು ಇರುವುದೇ ಅದಕ್ಕೆ. ಫೋನ್ ಬೇರೆ ಕೋಣೆಯಲ್ಲಿರಲಿ. ಎಣಿಸಲು ಸಾಧನ ಬೇಕೇಬೇಕು ಎನ್ನುವವರಿಗೆ ಬೆರಳಿಗೆ ಹಾಕುವ ಎಣಿಕೆಯ ಉಂಗುರ ಆ್ಯಪ್‌ಗಿಂತ ವಾಸಿ. ಅದರಲ್ಲಿ ಸಂದೇಶ ಬರುವುದಿಲ್ಲ, ಹಂಚುವ ಗುಂಡಿಯಿಲ್ಲ, ಮುಗಿದ ಮೇಲೆ ಸೊನ್ನೆಗೆ ತರಬಹುದು. ಸೊನ್ನೆಗೆ ತರುವುದನ್ನು ಸಮರ್ಪಣೆಯ ಜೊತೆಗೇ ಮಾಡಿ.

ಗುಂಪು ನಡೆಸುವವರಿಗೆ ಒಂದೇ ವಿನಂತಿ. ಹೆಸರಿನ ಮುಂದೆ ಸಂಖ್ಯೆ ಬೇಡ. ‘ಆಯಿತು’ ಎಂಬ ಒಂದು ಪದ ಸಾಕು, ಆಗದಿದ್ದರೆ ಮೌನ ಸಾಕು. ಒಟ್ಟು ಮೊತ್ತ ಬೇಕೆಂದರೆ ಹೆಸರಿಲ್ಲದೆ ತುಂಬುವ ಗೂಗಲ್ ಫಾರ್ಮ್ ಇದೆ. ಗುಂಪಿನಿಂದ ಸಿಗುವ ಬಲ, ಅಂದರೆ ಇನ್ನೂ ನಾಲ್ಕು ಜನ ಈ ಹೊತ್ತಿಗೆ ಕೂತಿದ್ದಾರೆ ಎಂಬ ಧೈರ್ಯ, ಇದರಿಂದ ಕಡಿಮೆಯಾಗುವುದಿಲ್ಲ. ಅನುಭವ ಹೇಳಿಕೊಳ್ಳಲೇಬೇಕಾದರೆ ಅದಕ್ಕೆ ಹಳೆಯ ಏರ್ಪಾಡು ಗುರು ಒಬ್ಬರೇ. ಕೇಳಿದ ಮೇಲೆ ಹೊಗಳದೆ, ಇದನ್ನು ಬಿಡು, ಅದನ್ನು ತಿದ್ದು ಎಂದು ಹೇಳಬಲ್ಲವರು ಅವರು. ಲೈಕ್ ಒತ್ತುವವರಿಂದ ಅದು ಸಿಗಲಾರದು.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅಮೆರಿಕ, ಯುರೋಪ್, ಕೊಲ್ಲಿ ದೇಶಗಳ ಕನ್ನಡ ಮನೆಗಳಲ್ಲಿ ಮಕ್ಕಳು ವಾರಾಂತ್ಯದ ಆನ್‌ಲೈನ್ ತರಗತಿಯಲ್ಲಿಯೇ ಶ್ಲೋಕ, ಜಪ ಕಲಿಯುವುದು. ಬೇರೆ ದಾರಿ ಅವರಿಗೆ ಇಲ್ಲದಿರಬಹುದು. ಅಲ್ಲಿ ಪ್ರಮಾಣಪತ್ರ, ಬ್ಯಾಡ್ಜ್, ಹೆಚ್ಚು ಎಣಿಸಿದವರಿಗೆ ಬಹುಮಾನ ಎಂಬ ರೂಢಿ ಬೆಳೆಯುತ್ತಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳಿಗೆ ಬಹುಮಾನದ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಅವರಿಂದ ಚಿತ್ರ ಬರೆಸಿದರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯಿತು. ಮೊದಲೇ ಹೇಳದೆ ಕೊನೆಗೆ ಪತ್ರ ಪಡೆದ ಮಕ್ಕಳಲ್ಲಿ ಆ ಇಳಿಕೆ ಕಾಣಲಿಲ್ಲ. ಜಪದ ತರಗತಿಗೆ ಇದರಿಂದ ತೆಗೆದುಕೊಳ್ಳಬಹುದಾದದ್ದು ಸ್ಪಷ್ಟವಿದೆ. ಎಂಟು ವರ್ಷದ ಮಗುವಿಗೆ ಹತ್ತು ಅಥವಾ ಹನ್ನೊಂದು ಸಾಕು, ಜೊತೆಗೆ ದೊಡ್ಡವರೊಬ್ಬರು ಅದೇ ಮಣೆಯ ಪಕ್ಕ ಕೂತು ತಮ್ಮದನ್ನು ಮಾಡುತ್ತಿರಬೇಕು. ಮುಗಿದ ಮೇಲೆ ಫೋಟೋ ಬೇಡ. ಅಜ್ಜ ಅಜ್ಜಿಗೆ ಕಳಿಸಲೇಬೇಕೆಂದರೆ ಮಗು ಕಲಿತ ಶ್ಲೋಕವನ್ನು ಹೇಳಿ ಕಳಿಸಲಿ. ಶ್ಲೋಕ ಕೇಳಿಸುವುದಕ್ಕೇ ಇರುವಂಥದ್ದು.

ಕೊನೆಗೆ ಬಿಟ್ಟುಹೋದ ದಿನಗಳ ಮಾತು. ಆ್ಯಪ್‌ನಲ್ಲಿ 212 ದಿನದ ಸ್ಟ್ರೀಕ್ ಜ್ವರದ ಒಂದು ದಿನಕ್ಕೆ ಸೊನ್ನೆಯಾಗುತ್ತದೆ. ಎಷ್ಟೋ ಜನ ಅಲ್ಲಿಗೆ ಜಪವನ್ನೇ ನಿಲ್ಲಿಸುತ್ತಾರೆ. ಸೊನ್ನೆಯಾಗಬಾರದೆಂದು ಮಾಡದೆಯೇ ಗುಂಡಿ ಒತ್ತುವವರೂ ಇದ್ದಾರೆ. ಸಂಧ್ಯಾವಂದನೆಯಲ್ಲಿ ಹೊತ್ತು ಮೀರಿದವನಿಗೆ ವಿಧಿಸಿರುವುದು ಒಂದು ಪ್ರಾಯಶ್ಚಿತ್ತಾರ್ಘ್ಯ: ಮೂರು ಅರ್ಘ್ಯದ ಜೊತೆ ನಾಲ್ಕನೆಯ ಬೊಗಸೆ ನೀರು. ಅದನ್ನು ಬಿಟ್ಟು, ಎಂದಿನ ಸಂಖ್ಯೆಯನ್ನೇ ಮುಂದುವರಿಸುವುದು. ನಿನ್ನೆಯದನ್ನು ಇವತ್ತು ಎರಡರಷ್ಟು ಮಾಡಿ ತೀರಿಸಲು ಹೋದರೆ ಮತ್ತೆ ಅವಸರ ಬರುತ್ತದೆ, ಅಕ್ಷರ ಹೋಗುತ್ತದೆ. ನಾಲ್ಕು ಮಾಲೆಯ ನೇಮವಿದ್ದವರು ಮಾರನೆಯ ದಿನವೂ ನಾಲ್ಕೇ ಮಾಡಲಿ.